ಅಳತೆಯ ಅನುಶಾಸನ: ಬೆಳಗಾವಿಯ ಮಾತೃಸ್ವಾಸ್ಥ್ಯ ಸಂಶೋಧನೆಯ ಇತಿವೃತ್ತ

ವಿದ್ಯಾಸಂಸ್ಥೆಯೊಂದರ ಚರಿತ್ರೆಯನ್ನು ಬರೆಯಹೊರಡುವವನಿಗೆ ಕಟ್ಟಡಗಳ ಶಿಲಾನ್ಯಾಸ, ಪದಾಧಿಕಾರಿಗಳ ಪರಂಪರೆ, ಉತ್ತೀರ್ಣರಾದ ವಿದ್ಯಾರ್ಥಿಗಳ ಸಂಖ್ಯೆ ಮೊದಲಾದ ಸಂಗತಿಗಳು ಸುಲಭವಾಗಿ ಕೈಗೆ ಸಿಕ್ಕುವುವು. ಆ ಸಂಸ್ಥೆಯಲ್ಲಿ ನಡೆದ ಸಂಶೋಧನೆಯ ಚರಿತ್ರೆಯಾದರೋ ಅಷ್ಟು ಸುಲಭವಾಗಿ ವಶವಾಗತಕ್ಕದ್ದಲ್ಲ. ಏಕೆಂದರೆ ಸಂಶೋಧನೆಯ ಫಲ ಅನೇಕ ವೇಳೆ ಸಂಸ್ಥೆಯ ಆವರಣದೊಳಗೆ ಕಾಣಿಸದೆ, ಎಲ್ಲಿಯೋ ದೂರದ ಹಳ್ಳಿಯಲ್ಲಿ, ಆ ಸಂಸ್ಥೆಯ ಹೆಸರನ್ನೇ ಕೇಳದ ತಾಯಿಯೊಬ್ಬಳು ಹೆತ್ತು ಬದುಕಿ ಉಳಿಯುವುದರಲ್ಲಿ ಮಾತ್ರ ವ್ಯಕ್ತವಾಗುವುದು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದ ಆಶ್ರಯದಲ್ಲಿ ಎರಡು ದಶಕಗಳಿಗೂ ಮಿಕ್ಕ ಕಾಲದಿಂದ ನಡೆದುಬಂದಿರುವ, ಗರ್ಭಿಣಿ ಬಾಣಂತಿಯರ ಆರೋಗ್ಯವನ್ನು ಕುರಿತ ಸಂಶೋಧನೆ ಇಂಥದು. ಹೆರಿಗೆಯ ವಿಷಯದಲ್ಲಿ ಕಣ್ಣಂದಾಜಿನಿಂದಲೂ ಹಿರಿಯರ ಮಾತಿನಿಂದಲೂ ನಿರ್ಣಯವಾಗುತ್ತಿದ್ದುದನ್ನು ಅಳೆದು ನಿರ್ಣಯಿಸುವ ಅಭ್ಯಾಸವನ್ನು ಹೆರಿಗೆ ನಡೆಯುವ ಊರಿನಲ್ಲಿಯೇ ಬೆಳೆಸಿದುದು, ಮತ್ತು ಅಳತೆ ತಮ್ಮ ನಿರೀಕ್ಷೆಗೆ ವಿರುದ್ಧವಾಗಿ ಬಂದಾಗಲೂ ಅದನ್ನು ಮರೆಮಾಚದೆ ಲೋಕಕ್ಕೆ ಒಪ್ಪಿಸಿದುದು—ಈ ಎರಡನ್ನು ಅದರ ಸಾರವೆಂದು ಹೇಳಬಹುದು. ಈ ಲೇಖನದ ಉದ್ದೇಶ ಆ ಎರಡನ್ನೂ ಕ್ರಮವಾಗಿ ನಿರೂಪಿಸುವುದು.

ನೆಲೆ

ಬೆಳಗಾವಿ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1916ನೆಯ ಇಸವಿಯಲ್ಲಿ, ಏಳು ಮಂದಿ ಉತ್ಸಾಹಿಗಳು ಸೇರಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯನ್ನು ಕಟ್ಟಿದರೆಂಬುದೂ, ಅವರನ್ನು ಸಪ್ತರ್ಷಿಗಳೆಂದು ಉತ್ತರ ಕರ್ನಾಟಕದ ಜನ ಇಂದಿಗೂ ಗೌರವದಿಂದ ನೆನೆಯುವರೆಂಬುದೂ ಸುವಿದಿತ. ಪಾಠಶಾಲೆಯಿಂದ ಮೊದಲಾದ ಆ ಪ್ರಯತ್ನ ಕಾಲಕ್ರಮದಲ್ಲಿ ಉನ್ನತ ವಿದ್ಯಾಭ್ಯಾಸಕ್ಕೆ ವಿಸ್ತರಿಸಿ, 1963ರಲ್ಲಿ ವೈದ್ಯಕೀಯ ಮಹಾವಿದ್ಯಾಲಯದ ಸ್ಥಾಪನೆಯಲ್ಲಿ ಒಂದು ಘಟ್ಟವನ್ನು ಮುಟ್ಟಿತು. ಸ್ವಂತ ಬೋಧನಾಸ್ಪತ್ರೆ ತಲೆಯೆತ್ತುವುದಕ್ಕೆ ಮುಂಚೆ ಬೆಳಗಾವಿಯ ಜಿಲ್ಲಾ ಆಸ್ಪತ್ರೆಯ ವಾರ್ಡುಗಳೇ ಅಲ್ಲಿನ ವಿದ್ಯಾರ್ಥಿಗಳಿಗೆ ಗುರುಕುಲವಾಗಿದ್ದುವು. ಹೆರಿಗೆಯ ವಾರ್ಡಿಗೆ ಎತ್ತಿನ ಗಾಡಿಯಲ್ಲಿಯೋ ಬಾಡಿಗೆಯ ಟೆಂಪೋದಲ್ಲಿಯೋ ತಡವಾಗಿ ಬಂದು ಸೇರುವ ಹಳ್ಳಿಯ ಬಸುರಿಯರನ್ನು ಕಂಡ ವೈದ್ಯನಿಗೆ, ತಾನು ನೋಡುತ್ತಿರುವುದು ಕಥೆಯ ಕೊನೆಯ ಅಧ್ಯಾಯವನ್ನು ಮಾತ್ರವೆಂಬುದೂ, ಮೊದಲಿನ ಅಧ್ಯಾಯಗಳೆಲ್ಲ ಆಸ್ಪತ್ರೆಯ ಹೊರಗೆ ಮುಗಿದುಹೋಗಿರುವುವೆಂಬುದೂ ಹೊಳೆಯದಿರುವುದಿಲ್ಲ.

ಜಿಲ್ಲೆಯ ಭೂಸ್ವರೂಪವೂ ಇದಕ್ಕೆ ಪೋಷಕವಾಗಿತ್ತು. ಪಶ್ಚಿಮಕ್ಕೆ ಖಾನಾಪುರದ ದಟ್ಟ ಕಾಡು, ಪೂರ್ವಕ್ಕೆ ಅಥಣಿಯ ಬಯಲು. ನಡುವೆ ಘಟಪ್ರಭಾ ಮಲಪ್ರಭಾ ನದಿಗಳು, ಕಬ್ಬಿನ ಗದ್ದೆಗಳು. ಮನೆಗಳಲ್ಲಿ ಕನ್ನಡ, ಮರಾಠಿ, ಉರ್ದು ಭಾಷೆಗಳು. ಒಂದೇ ಜಿಲ್ಲೆಯೊಳಗೆ ಇಷ್ಟು ಬಗೆಯ ಜೀವನ ನೆಲಸಿರುವಾಗ, ಅಲ್ಲಿ ನಿಜವೆಂದು ಸಿದ್ಧವಾದುದು ಬೇರೆಡೆಯಲ್ಲಿಯೂ ನಿಂತೀತೆಂದು ಆಶಿಸುವುದಕ್ಕೆ ಆಧಾರವುಂಟು.

ಮೂರನೆಯ ಘಟ್ಟದ ಅಪಾಯ

ಹೆಣ್ಣಿಗೆ ಹೆರಿಗೆಯೆಂದರೆ ಪುನರ್ಜನ್ಮವೆಂಬ ಮಾತು ನಮ್ಮಲ್ಲಿ ಹಳೆಯದು. ಆ ಮಾತನ್ನು ಅಲಂಕಾರವೆಂದು ಭಾವಿಸಬೇಕಾಗಿಲ್ಲ. 2001–03ರ ಅವಧಿಗೆ ಕೇಂದ್ರ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆ ನೀಡಿದ ಲೆಕ್ಕದ ಪ್ರಕಾರ, ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ 228 ತಾಯಂದಿರು ಗರ್ಭದ ಅಥವಾ ಹೆರಿಗೆಯ ಕಾರಣದಿಂದ ಸಾಯುತ್ತಿದ್ದರು. ಭಾರತದ ಸರಾಸರಿ 301. ಹೀಗೆ ಸಾಯುವುದಕ್ಕಿರುವ ಕಾರಣಗಳಲ್ಲಿ ಪ್ರಸವೋತ್ತರ ರಕ್ತಸ್ರಾವ ಅಗ್ರಗಣ್ಯ.

ಅದರ ಕ್ರಮವನ್ನು ಸ್ವಲ್ಪ ವಿವರಿಸುವುದು ಯುಕ್ತ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ರಕ್ತ ಹರಿದುಬರುವುದು. ಮಗು ಹುಟ್ಟಿದ ಬಳಿಕ, ಹೆರಿಗೆಯ ಮೂರನೆಯ ಘಟ್ಟದಲ್ಲಿ, ಮಾಸು ಕಳಚಿಕೊಂಡಾಗ, ಅದು ಅಂಟಿಕೊಂಡಿದ್ದ ಎಡೆಯಲ್ಲಿ ರಕ್ತನಾಳಗಳು ಬಾಯ್ದೆರೆದು ನಿಲ್ಲುವುವು. ಆ ನಾಳಗಳು ಗರ್ಭಕೋಶದ ಸ್ನಾಯುತಂತುಗಳ ನಡುವೆ ಹಾದುಹೋಗುವುದರಿಂದ, ತಂತುಗಳು ಬಿಗಿಯಾಗಿ ಸಂಕೋಚಗೊಂಡೊಡನೆ ನಾಳಗಳು ತಾವಾಗಿ ಅದುಮಿಕೊಂಡು ಸ್ರಾವ ನಿಲ್ಲುವುದು. ಸ್ನಾಯು ಸೋತು ಸಡಿಲವಾಗಿಯೇ ಉಳಿದರೆ, ಆರೋಗ್ಯವಂತಳಾಗಿದ್ದ ಹೆಂಗಸೂ ಕೆಲವೇ ಗಂಟೆಗಳೊಳಗೆ ಪ್ರಾಣಾಪಾಯಕ್ಕೆ ಈಡಾಗುವಳು. ಮೊದಲೇ ರಕ್ತಹೀನತೆಯಿಂದ ಬಳಲುತ್ತಿರುವವಳಿಗೆ ಅಷ್ಟು ಕಾಲಾವಕಾಶವೂ ದೊರೆಯದು. ಗರ್ಭಕೋಶವನ್ನು ಬಿಗಿಸುವ ಆಕ್ಸಿಟೋಸಿನ್ ಎಂಬ ಔಷಧ ಬಹುಕಾಲದಿಂದ ಬಳಕೆಯಲ್ಲಿರುವುದಾದರೂ ಅದನ್ನು ತಣ್ಣಗಿರಿಸಬೇಕು, ಸೂಜಿಯಿಂದ ಚುಚ್ಚಬೇಕು. ಚುಚ್ಚುವುದನ್ನು ಬಲ್ಲವರು ಬಳಿಯಲ್ಲಿರಬೇಕು. ವಿದ್ಯುತ್ತು ಬಂದು ಹೋಗುವ ಉಪಕೇಂದ್ರದಲ್ಲಿ, ಅಥವಾ ಮನೆಯ ಒಳಕೋಣೆಯಲ್ಲಿ ದೀಪದ ಬೆಳಕಿನಲ್ಲಿ ನಡೆಯುವ ಹೆರಿಗೆಯಲ್ಲಿ, ಈ ಮೂರು ಅನುಕೂಲಗಳೂ ಒಟ್ಟಿಗೆ ಕೂಡಿಬರುವುದು ವಿರಳವಾಗಿತ್ತು.

ಮಾತ್ರೆಯ ಪರೀಕ್ಷೆ

2001ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಗೆ ಸೇರಿದ ಶಿಶುಸ್ವಾಸ್ಥ್ಯ ವಿಭಾಗ, ಗೇಟ್ಸ್ ಪ್ರತಿಷ್ಠಾನದ ನೆರವಿನೊಡನೆ, ಮಹಿಳೆಯರ ಮತ್ತು ಮಕ್ಕಳ ಆರೋಗ್ಯ ಸಂಶೋಧನೆಗಾಗಿ ‘ಗ್ಲೋಬಲ್ ನೆಟ್‌ವರ್ಕ್’ ಎಂಬ ಅಂತರರಾಷ್ಟ್ರೀಯ ಬಳಗವೊಂದನ್ನು ಸ್ಥಾಪಿಸಿತು. ಅಭಿವೃದ್ಧಿಶೀಲ ದೇಶದ ಒಬ್ಬ ಪ್ರಧಾನ ಸಂಶೋಧಕ, ಅಮೆರಿಕದ ವಿಶ್ವವಿದ್ಯಾಲಯದ ಒಬ್ಬ ಸಂಶೋಧಕ, ಹೀಗೆ ಜೋಡಿಯಾಗಿ ಕೆಲಸ ಮಾಡುವುದು ಅದರ ಪದ್ಧತಿ. ಬೆಳಗಾವಿಯಲ್ಲಿ ಪ್ರಸೂತಿತಜ್ಞ ಡಾ. ಬಿ. ಎಸ್. ಕೊಡ್ಕಣಿಯವರೂ, ಡಾ. ಶಿವಪ್ರಸಾದ ಗೌಡರ, ಡಾ. ಎಂ. ಬಿ. ಬೆಲ್ಲದ ಮೊದಲಾದ ಸಹೋದ್ಯೋಗಿಗಳೂ, ಅಮೆರಿಕದ ಕಡೆಯಿಂದ ಡಾ. ರಿಚರ್ಡ್ ಡರ್ಮನ್ನರೂ ಈ ಜೋಡಣೆಗೆ ಒದಗಿದರು. ಅವರು ಎತ್ತಿಕೊಂಡ ಪ್ರಶ್ನೆ ಕೇಳುವುದಕ್ಕೆ ಸರಳವಾದುದು: ತಣ್ಣಗಿರಿಸಬೇಕಾಗಿಲ್ಲದ, ಚುಚ್ಚಬೇಕಾಗಿಲ್ಲದ, ಬಾಯಿಂದ ನುಂಗಬಹುದಾದ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಹಳ್ಳಿಯ ನರ್ಸಮ್ಮ ಮಗು ಹುಟ್ಟಿದೊಡನೆ ತಾಯಿಗೆ ಕೊಟ್ಟರೆ ಸ್ರಾವ ತಗ್ಗುವುದೇ?

2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ, ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ, ಎ.ಎನ್.ಎಂ. ಎಂದು ಸರ್ಕಾರದ ಕಾಗದಗಳಲ್ಲಿ ಕರೆಯಲ್ಪಡುವ ಕಿರಿಯ ಆರೋಗ್ಯ ಸಹಾಯಕಿಯರು ಮನೆಗಳಲ್ಲಿಯೂ ಉಪಕೇಂದ್ರಗಳಲ್ಲಿಯೂ ಮಾಡಿಸಿದ ಹೆರಿಗೆಗಳಲ್ಲಿ 1,620 ತಾಯಂದಿರು ಈ ಪರೀಕ್ಷೆಗೆ ಸೇರಿದರು. 812 ಮಂದಿಗೆ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್, 808 ಮಂದಿಗೆ ಅದರಂತೆಯೇ ಕಾಣುವ, ಔಷಧಗುಣವಿಲ್ಲದ ಹುಸಿಮಾತ್ರೆ. ಯಾರಿಗೆ ಯಾವುದು ಎಂಬುದು ಮೊದಲೇ ಯಾದೃಚ್ಛಿಕವಾಗಿ ನಿಶ್ಚಯವಾಗಿದ್ದು, ಕೊಡುವವರಿಗೂ ನುಂಗುವವರಿಗೂ ತಿಳಿಯದಂತೆ ಇತ್ತು. 2006ರ ಅಕ್ಟೋಬರಿನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಅರ್ಧ ಲೀಟರು ಅಥವಾ ಅದಕ್ಕೂ ಮಿಕ್ಕ ಸ್ರಾವ ಹುಸಿಮಾತ್ರೆಯವರಲ್ಲಿ ಶೇಕಡ 12.0, ಔಷಧ ಪಡೆದವರಲ್ಲಿ ಶೇಕಡ 6.4, ಒಂದು ಲೀಟರನ್ನು ಮುಟ್ಟುವ ತೀವ್ರ ಸ್ರಾವ ಅನುಕ್ರಮವಾಗಿ ಶೇಕಡ 1.2 ಮತ್ತು 0.2. ಎಂದರೆ ಹದಿನೆಂಟು ತಾಯಂದಿರಿಗೆ ಮಾತ್ರೆ ಕೊಟ್ಟಲ್ಲಿ ಒಬ್ಬಳ ಅತಿಸ್ರಾವ ತಪ್ಪುತ್ತಿತ್ತು. ಪ್ರತಿಕೂಲಗಳೆಂದು ಕಂಡುಬಂದುವು ಸ್ವಲ್ಪ ಹೊತ್ತಿನ ನಡುಕ, ಜ್ವರ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಸವೋತ್ತರ ರಕ್ತಸ್ರಾವವನ್ನು ತಡೆಯುವ ಕಾರ್ಯಕ್ಕಾಗಿ ಈ ಔಷಧವನ್ನು ತನ್ನ ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿದಾಗ, ಬೆಳಗಾವಿಯ ಹಳ್ಳಿಗಳಲ್ಲಿ ಸಂಗ್ರಹವಾದ ಸಾಕ್ಷ್ಯವೂ ಅದರ ಹಿಂದೆ ಇತ್ತು.

ಈ ಪರೀಕ್ಷೆಯನ್ನು ಕುರಿತು ನೈತಿಕ ಸೂಕ್ಷ್ಮವುಳ್ಳವರು ಒಂದು ಆಕ್ಷೇಪವನ್ನು ಎತ್ತುವುದು ಸಹಜ: ಅಪಾಯ ತಿಳಿದಿದ್ದೂ ಅರ್ಧದಷ್ಟು ತಾಯಂದಿರಿಗೆ ಹುಸಿಮಾತ್ರೆ ಕೊಡಬಹುದೆ? ಆಗ ಆ ಹಳ್ಳಿಗಳಲ್ಲಿ ರೂಢವಾಗಿದ್ದ ಹೆರಿಗೆಯ ಕ್ರಮದಲ್ಲಿ ಗರ್ಭಕೋಶವನ್ನು ಬಿಗಿಸುವ ಯಾವ ಔಷಧವೂ ಸೇರಿರಲಿಲ್ಲವೆಂಬುದು, ಆದುದರಿಂದ ಹುಸಿಮಾತ್ರೆಯ ಪಂಗಡದವರು ತಮಗೆ ಹೇಗೂ ದೊರೆಯುತ್ತಿದ್ದ ಆರೈಕೆಯಲ್ಲಿ ಯಾವುದನ್ನೂ ಕಳೆದುಕೊಳ್ಳಲಿಲ್ಲವೆಂಬುದು ಸಂಶೋಧಕರ ಸಮಾಧಾನ. ಸಮಾಧಾನ ತರ್ಕಬದ್ಧವಾದುದೇ, ಆದರೂ ಆಕ್ಷೇಪ ಅದರಿಂದ ಪೂರ್ತಿಯಾಗಿ ಶಮನವಾಗುವುದೆಂದು ಹೇಳಲಾರೆವು. ಬಡವರಿಗೆ ದೊರೆಯುತ್ತಿರುವ ಆರೈಕೆಯ ಕೊರತೆಯೇ ಪರೀಕ್ಷೆಗೆ ಅವಕಾಶ ಮಾಡಿಕೊಡುವುದಾದರೆ, ಪರೀಕ್ಷೆಯ ಫಲ ಆ ಕೊರತೆಯನ್ನು ನೀಗಿಸುವುದಕ್ಕೆ ವಿನಿಯೋಗವಾಗಲೇಬೇಕೆಂಬ ಋಣ ಸಂಶೋಧಕನ ಮೇಲೆಯೂ ಸರ್ಕಾರದ ಮೇಲೆಯೂ ನಿಲ್ಲುವುದು.

ಅಳೆಯುವ ಹಾಳೆ

ಮಾತ್ರೆಯ ಕೀರ್ತಿಯಲ್ಲಿ ಮರೆಯಾಗುವ ಇನ್ನೊಂದು ಸಾಧನೆಯನ್ನು ಇಲ್ಲಿ ವಿಸ್ತರಿಸಿ ಹೇಳಬೇಕು. ಈ ಲೇಖಕನ ಅಭಿಪ್ರಾಯದಲ್ಲಿ ಅದು ಮಾತ್ರೆಗಿಂತಲೂ ಹಿರಿದು. ಸ್ರಾವ ತಗ್ಗಿತೇ ಇಲ್ಲವೇ ಎಂದು ತಿಳಿಯಬೇಕಾದರೆ ಸ್ರಾವವನ್ನು ಅಳೆಯಬೇಕು. ರಕ್ತ ಸೀರೆಯಲ್ಲಿ, ಗೋಣಿತಟ್ಟಿನಲ್ಲಿ, ನೆಲದ ಮಣ್ಣಿನಲ್ಲಿ ಇಂಗಿಹೋಗುವ ಸ್ಥಳದಲ್ಲಿ ಅಳೆಯುವುದೆಂತು? ಅನುಭವಶಾಲಿಗಳಾದ ವೈದ್ಯರೂ ಅದುವರೆಗೆ ಕಣ್ಣಳತೆಯನ್ನೇ ನೆಚ್ಚಿದ್ದರು. ಬೆಳಗಾವಿಯವರೂ ಅವರ ಸಹಯೋಗಿಗಳೂ ಇದಕ್ಕೆಂದು ಒಂದು ಪ್ಲಾಸ್ಟಿಕ್ ಹಾಳೆಯನ್ನು ರೂಪಿಸಿದರು. ಮಗು ಹುಟ್ಟಿದೊಡನೆ ಅದನ್ನು ತಾಯಿಯ ಸೊಂಟದ ಕೆಳಗೆ ಹಾಸಿ, ಹೊಟ್ಟೆಯ ಸುತ್ತ ದಾರದಿಂದ ಕಟ್ಟಿದರೆ, ಸುರಿಯುವ ರಕ್ತವೆಲ್ಲ ಕೆಳಗಿನ ಆಲಿಕೆಯಂಥ ಚೀಲದಲ್ಲಿ ಕೂಡುವುದು. ಚೀಲದ ಮೇಲೆ ಮಿಲಿಲೀಟರುಗಳ ಗೀಟುಗಳು ಅಚ್ಚಾಗಿರುವುವು. ಒಂದು ಗಂಟೆ, ಸ್ರಾವ ನಿಲ್ಲದಿದ್ದರೆ ಎರಡು ಗಂಟೆ, ಅದನ್ನು ಹಾಗೆಯೇ ಇರಿಸಿ ಗೀಟನ್ನು ಓದಿದರೆ ಆಯಿತು. ಸಹಯೋಗಿಗಳ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ‘ಬ್ರಾಸ್-ವಿ’ ಎಂದು ಹೆಸರಿಟ್ಟರು.

ಈ ಹಾಳೆಯನ್ನು ಕಣ್ಣಂದಾಜಿನೊಡನೆ ಹೋಲಿಸಿ ನೋಡಿದಾಗ ಹೊರಬಿದ್ದ ಸಂಗತಿ ಗಂಭೀರವಾದುದು. ಕಣ್ಣಿನಿಂದ ಊಹಿಸಿದ ಪ್ರಮಾಣ ಹಾಳೆ ತೋರಿಸಿದುದಕ್ಕಿಂತ ಸುಮಾರು ಶೇಕಡ 33ರಷ್ಟು ಕಡಿಮೆಯಾಗಿತ್ತು. ಅಪಾಯದ ಗಡಿಯನ್ನು ದಾಟಿದ ತಾಯಿಯನ್ನೂ ಕ್ಷೇಮವಾಗಿರುವಳೆಂದು ಭಾವಿಸಿ ಮಗ್ಗುಲ ಕೋಣೆಗೆ ಸಾಗಿಸುವ ಸಂಭವ ಎಷ್ಟೆಂಬುದನ್ನು ಈ ಒಂದು ಅಂಕಿ ತೋರಿಸಿಕೊಟ್ಟಿತು. ಗುರುತು ಹಾಕಿದ ಹಾಳೆಯಿಂದ ಸ್ರಾವವನ್ನು ಬೇಗ ಗುರುತಿಸಿ, ಕೂಡಲೇ ಹಲವು ಚಿಕಿತ್ಸೆಗಳನ್ನು ಒಟ್ಟಿಗೆ ಆರಂಭಿಸುವ ಕ್ರಮವನ್ನು ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ ದೇಶಗಳ ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಹೆರಿಗೆಗಳಲ್ಲಿ ಪರೀಕ್ಷಿಸಿ, ತೀವ್ರ ಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾಗುವುದು ಅಥವಾ ಅದರಿಂದ ಸಾವು—ಇವುಗಳ ಒಟ್ಟು ಪ್ರಮಾಣ ಶೇಕಡ 4.3ರ ಎದುರಿಗೆ 1.6ಕ್ಕೆ ಇಳಿದುದನ್ನು 2023ರಲ್ಲಿ ಪ್ರಕಟಿಸಿದರು. ಆ ಪರೀಕ್ಷೆ ಬೇರೆಯವರದು. ಅದರ ತಳದಲ್ಲಿರುವ ತತ್ತ್ವ ಮಾತ್ರ ಬೆಳಗಾವಿಯ ಹಳ್ಳಿಮನೆಗಳಲ್ಲಿ ಹಾಳೆ ಹಾಸಿದ ನರ್ಸಮ್ಮಂದಿರಿಗೆ ಚಿರಪರಿಚಿತವಾದುದು.

ಹುಟ್ಟುಸಾವುಗಳ ದಫ್ತರ

ಒಂದು ಪರೀಕ್ಷೆ ಮುಗಿದ ಬಳಿಕ ಅದಕ್ಕಾಗಿ ಕಟ್ಟಿದ ವ್ಯವಸ್ಥೆ ಚದುರಿಹೋಗುವುದು ನಮ್ಮ ದೇಶದ ಸಂಶೋಧನೆಗೆ ಒದಗುವ ಸಾಮಾನ್ಯ ದುರ್ಗತಿ. ಬೆಳಗಾವಿ ಅದರಿಂದ ಪಾರಾದುದಕ್ಕೆ ಮುಖ್ಯ ಕಾರಣ, 2008ರಿಂದ ಈಚೆಗೆ ಬಳಗದ ಕೇಂದ್ರಗಳಲ್ಲಿ ಆರಂಭವಾದ ತಾಯಿ ಮತ್ತು ನವಜಾತ ಶಿಶುಗಳ ಜನಾಧಾರಿತ ನೋಂದಣಿ. ಗೊತ್ತುಮಾಡಿದ ಹಳ್ಳಿಗಳಲ್ಲಿ ಗರ್ಭಿಣಿಯಾದ ಪ್ರತಿಯೊಬ್ಬಳನ್ನೂ, ಅವಳ ಒಪ್ಪಿಗೆ ಪಡೆದು, ದಾಖಲು ಮಾಡುವುದು. ಹೆರಿಗೆಯ ವೇಳೆ ಏನಾಯಿತೆಂದು ಬರೆದುಕೊಳ್ಳುವುದು. ಹೆತ್ತ ನಲವತ್ತೆರಡು ದಿನಗಳ ತರುವಾಯ ಮತ್ತೊಮ್ಮೆ ಹೋಗಿ ತಾಯಿಮಕ್ಕಳ ಸ್ಥಿತಿಯನ್ನು ವಿಚಾರಿಸುವುದು—ಇಷ್ಟೇ ಅದರ ಕಾರ್ಯ. ಆದರೆ ಇಷ್ಟನ್ನು ಲೋಪವಿಲ್ಲದೆ ನಡೆಸುವುದು ಎಷ್ಟು ದುಸ್ಸಾಧ್ಯವೆಂಬುದನ್ನು ಈ ನಾಡಿನ ಸಂಪ್ರದಾಯ ಬಲ್ಲವರೇ ಊಹಿಸಬಲ್ಲರು. ಮೂರು ತಿಂಗಳು ತುಂಬುವ ತನಕ ಬಸಿರನ್ನು ಹೊರಗೆ ಆಡದಿರುವುದು ವಾಡಿಕೆ. ಮುಟ್ಟು ನಿಂತುದು ಯಾವ ತಾರೀಖೆಂದರೆ ಹುಣ್ಣಿಮೆ ಅಮಾವಾಸ್ಯೆಗಳ, ಜಾತ್ರೆ ಹಬ್ಬಗಳ ಆಧಾರದಿಂದ ಲೆಕ್ಕ ಹಾಕಬೇಕು. ಕುಬಸದ ಕಾರ್ಯ ಮುಗಿಯಿತೆಂದರೆ ಚೊಚ್ಚಲ ಬಸುರಿ ತವರಿಗೆ ಹೊರಡುವಳು, ಆ ತವರು ಬೇರೆ ತಾಲ್ಲೂಕಿನಲ್ಲಿಯೋ ಮಹಾರಾಷ್ಟ್ರದ ಊರಿನಲ್ಲಿಯೋ ಇರಬಹುದು. ಸತ್ತು ಹುಟ್ಟಿದ ಶಿಶುವನ್ನು ಕುರಿತು ಮನೆಯವರು ಮಾತಾಡಲೊಲ್ಲರು. ಇಂಥ ಮೌನಗಳ ನಡುವೆ ಸತ್ಯವನ್ನು ಸಂಗ್ರಹಿಸುವುದಕ್ಕೆ ವೈದ್ಯಜ್ಞಾನಕ್ಕಿಂತ ಹೆಚ್ಚಾಗಿ ಬೇಕಾದುದು ಊರಿನವರ ವಿಶ್ವಾಸ.

ಸತ್ತು ಹುಟ್ಟಿದ ಶಿಶುಗಳ ವಿಷಯದಲ್ಲಿಯೇ ಒಂದು ಪಾಠ ಮೊದಲಿಗೆ ದೊರೆಯಿತು. ‘ಫಸ್ಟ್ ಬ್ರೆತ್’ ಎಂಬ ಹೆಸರಿನಲ್ಲಿ ಆರು ದೇಶಗಳ ಗ್ರಾಮಗಳಲ್ಲಿ, ಬೆಳಗಾವಿಯೂ ಸೇರಿದಂತೆ, ಸೂಲಗಿತ್ತಿಯರಿಗೂ ನರ್ಸುಗಳಿಗೂ ನವಜಾತ ಶಿಶುವಿನ ಪ್ರಾಥಮಿಕ ಆರೈಕೆಯನ್ನು ಕಲಿಸಿದುದರ ಫಲವನ್ನು 2010ರಲ್ಲಿ ಪ್ರಕಟಿಸಿದರು. ನಿರೀಕ್ಷಿಸಿದ್ದ ಮುಖ್ಯ ಫಲ, ಎಂದರೆ ಮೊದಲ ವಾರದ ಶಿಶುಮರಣದ ಇಳಿಕೆ, ಸಿದ್ಧಿಸಲಿಲ್ಲ. ಸತ್ತು ಹುಟ್ಟಿದವೆಂದು ಬರೆಯಲ್ಪಟ್ಟ ಶಿಶುಗಳ ಪ್ರಮಾಣ ಮಾತ್ರ ಸಾವಿರಕ್ಕೆ 23.0ರಿಂದ 15.9ಕ್ಕೆ ಇಳಿಯಿತು. ಉಸಿರಾಡದೆ ಹುಟ್ಟಿದ ಕೂಸನ್ನು ಸತ್ತಿತೆಂದು ಬಗೆದು ಬದಿಗಿಡುತ್ತಿದ್ದ ಕಡೆ, ಅದನ್ನು ಒರೆಸಿ, ಬೆಚ್ಚಗಿಟ್ಟು, ಉಸಿರು ತುಂಬುವ ಪ್ರಯತ್ನ ಮೊದಲಾದುದರ ಪರಿಣಾಮವೆಂದು ಇದನ್ನು ವ್ಯಾಖ್ಯಾನಿಸಿರುವರು.

ವಿಫಲತೆಯ ಪಾಠಗಳು

ಸಂಸ್ಥೆಯ ಕೀರ್ತಿಯನ್ನು ಹಾಡುವ ಬರಹದಲ್ಲಿ ವಿಫಲವಾದ ಪರೀಕ್ಷೆಗಳಿಗೆ ಒಂದು ಪ್ರಕರಣವನ್ನು ಮೀಸಲಿಡುವುದು ಕೆಲವರಿಗೆ ಅನುಚಿತವೆಂದು ತೋರಬಹುದು. ವಿಜ್ಞಾನದ ಮರ್ಯಾದೆ ಬೇರೆ. ಊರವರನ್ನು ಸಂಘಟಿಸಿ, ಹೆರಿಗೆ ಮಾಡಿಸುವವರಿಗೆ ತರಬೇತಿ ಕೊಟ್ಟು, ಆಸ್ಪತ್ರೆಗಳ ತುರ್ತು ಸೇವೆಯನ್ನು ಸುಧಾರಿಸಿದರೆ ಹೆರಿಗೆಯ ಆಸುಪಾಸಿನ ಶಿಶುಮರಣ ಇಳಿಯುವುದೆಂಬ ನಂಬಿಕೆಯನ್ನು ಬಳಗ ಏಳು ಕೇಂದ್ರಗಳಲ್ಲಿ ಒರೆಗೆ ಹಚ್ಚಿತು. 2013ರಲ್ಲಿ ಪ್ರಕಟವಾದಂತೆ, ಪ್ರಯತ್ನ ನಡೆದ ಕಡೆಗೂ ನಡೆಯದ ಕಡೆಗೂ ವ್ಯತ್ಯಾಸವೇ ಕಾಣಲಿಲ್ಲ. ಗರ್ಭಿಣಿಯರ ರಕ್ತದೊತ್ತಡ ಏರಿ, ಮೈ ಬಾತು, ಫಿಟ್ಸ್ ಬಂದು ಪ್ರಾಣಕ್ಕೆ ಮುಳುವಾಗುವ ಪ್ರಿಎಕ್ಲಾಂಪ್ಸಿಯಾ ರೋಗವನ್ನು ಮನೆಬಾಗಿಲಿನಲ್ಲಿಯೇ ಪತ್ತೆಹಚ್ಚುವುದಕ್ಕಾಗಿ, ಆಶಾ ಕಾರ್ಯಕರ್ತೆಯರ ಕೈಗೆ ಒತ್ತಡಮಾಪಕವನ್ನೂ ಮೊಬೈಲ್ ಸಾಧನವನ್ನೂ ಕೊಟ್ಟು, ಮೀಥೈಲ್‌ಡೋಪಾ ಮಾತ್ರೆ ಮತ್ತು ಮೆಗ್ನೀಷಿಯಂ ಸಲ್ಫೇಟಿನ ಚುಚ್ಚುಮದ್ದನ್ನು ಕೊಟ್ಟು ಆಸ್ಪತ್ರೆಗೆ ಕಳುಹಿಸುವ ‘ಕ್ಲಿಪ್’ ಎಂಬ ಯೋಜನೆ ಬೆಳಗಾವಿ ಬಾಗಲಕೋಟೆ ಜಿಲ್ಲೆಗಳಲ್ಲಿಯೂ, ಪಾಕಿಸ್ತಾನ ಮೊಜಾಂಬಿಕ್ ದೇಶಗಳಲ್ಲಿಯೂ ನಡೆಯಿತು. 2020ರ ಫಲಿತಾಂಶ: ತಾಯಿಮಕ್ಕಳ ಸಾವುನೋವುಗಳ ಒಟ್ಟು ಲೆಕ್ಕ ತಗ್ಗಲಿಲ್ಲ; ಎಂಟು ಅಥವಾ ಅದಕ್ಕೂ ಹೆಚ್ಚು ಸಲ ಭೇಟಿ ಪಡೆದ ಗರ್ಭಿಣಿಯರಲ್ಲಿ ಮಾತ್ರ ಒಳ್ಳೆಯ ಲಕ್ಷಣಗಳು ಕಂಡುಬಂದುವು. ರೋಗವನ್ನು ಗುರುತಿಸುವುದೊಂದೇ ಸಾಲದು, ಗುರುತಿಸುವ ಕೈ ಮತ್ತೆ ಮತ್ತೆ ಬಾಗಿಲು ತಟ್ಟಬೇಕು, ಕಳುಹಿಸಿದ ಆಸ್ಪತ್ರೆ ಕಳುಹಿಸಿದವಳನ್ನು ನೋಡಿಕೊಳ್ಳುವ ಸ್ಥಿತಿಯಲ್ಲಿರಬೇಕು ಎಂಬುದನ್ನು ಇದರಿಂದ ತಿಳಿಯಬೇಕಾಗಿದೆ.

ಇವೆಲ್ಲಕ್ಕಿಂತ ಬೋಧಪ್ರದವಾದುದು ಸ್ಟಿರಾಯ್ಡ್ ಔಷಧದ ವೃತ್ತಾಂತ. ದಿನ ತುಂಬುವ ಮುನ್ನ ಹೆರಿಗೆಯಾಗುವ ಸೂಚನೆಯಿರುವ ತಾಯಿಗೆ ಈ ಔಷಧವನ್ನು ಚುಚ್ಚಿದರೆ ಗರ್ಭಸ್ಥ ಶಿಶುವಿನ ಶ್ವಾಸಕೋಶ ಬೇಗ ಪಕ್ವವಾಗುವುದೆಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೌವಿ ಎಂಬವರು 1972ರಲ್ಲಿ ತೋರಿಸಿಕೊಟ್ಟಿದ್ದರು. ಸಿರಿವಂತ ದೇಶಗಳಲ್ಲಿ ಅದು ಪ್ರಶ್ನಾತೀತವಾದ ಚಿಕಿತ್ಸೆಯಾಗಿ ನೆಲಸಿತ್ತು. ಹಾಗಾದರೆ ಹಳ್ಳಿಗಳಿಗೂ ಅದನ್ನು ಒಯ್ಯೋಣವೆಂದು ಬಳಗದವರು ಬೆಳಗಾವಿ, ನಾಗಪುರಗಳನ್ನೊಳಗೊಂಡು ಆರು ದೇಶಗಳಲ್ಲಿ ಸುಮಾರು ಒಂದು ಲಕ್ಷ ಜನನಗಳನ್ನು ವ್ಯಾಪಿಸುವ ಪರೀಕ್ಷೆಯನ್ನು ಕೈಗೊಂಡರು. 2015ರಲ್ಲಿ ಅಚ್ಚಾದ ಫಲಿತಾಂಶ ವೈದ್ಯಲೋಕವನ್ನು ಚಕಿತಗೊಳಿಸಿತು. ಅತಿ ಸಣ್ಣ ಶಿಶುಗಳಲ್ಲಿ ಪ್ರಯೋಜನ ಕಾಣಲಿಲ್ಲ. ಒಟ್ಟು ಶಿಶುಗಳ ಲೆಕ್ಕದಲ್ಲಿ ಮೊದಲ ಇಪ್ಪತ್ತೆಂಟು ದಿನಗಳ ಮರಣ ಸಾವಿರಕ್ಕೆ 23.9 ಇದ್ದುದು ಔಷಧ ಹಂಚಿದ ಕಡೆ 27.4 ಆಗಿತ್ತು, ತಾಯಂದಿರಲ್ಲಿ ಸೋಂಕಿನ ಸಂಶಯವೂ ಹೆಚ್ಚಿತ್ತು. ಗರ್ಭದ ವಯಸ್ಸನ್ನು ನಿಖರವಾಗಿ ಅರಿಯುವ ಸಾಧನವಿಲ್ಲದ ಕಡೆ, ಔಷಧ ಬೇಕಿಲ್ಲದ ಅನೇಕರಿಗೆ ಅದು ಸಂದಿತ್ತು. ಬೇಕಾಗಿದ್ದ ಶಿಶುಗಳಿಗೆ ಹುಟ್ಟಿದ ಬಳಿಕ ದೊರೆಯಬೇಕಾಗಿದ್ದ ಶುಶ್ರೂಷೆ ಅಲ್ಲಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಬಡದೇಶಗಳಲ್ಲಿ ಆ ಔಷಧವನ್ನೇ ಕೈಬಿಡುವ ಪ್ರಮಾದ ಸಂಭವಿಸಬಹುದಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಕೆನ್ಯಾ, ನೈಜೀರಿಯಾಗಳ 29 ಆಸ್ಪತ್ರೆಗಳಲ್ಲಿ ‘ಆಕ್ಷನ್’ ಎಂಬ ಪರೀಕ್ಷೆ ನಡೆಯಿತು. ಭಾರತದಲ್ಲಿ ಅದರ ಹೊಣೆ ಬೆಳಗಾವಿಯವರದು. ಈ ಸಲ ಸ್ಕ್ಯಾನಿಂಗಿನಿಂದ ಗರ್ಭದ ವಾರಗಳನ್ನು ನಿಶ್ಚಯಿಸಿಕೊಂಡು, ನವಜಾತ ಶಿಶುಗಳ ಆರೈಕೆಗೆ ಅನುಕೂಲವಿರುವ ಆಸ್ಪತ್ರೆಗಳಲ್ಲಿ ಮಾತ್ರ, 2,852 ತಾಯಂದಿರಲ್ಲಿ ಡೆಕ್ಸಾಮೆಥಸೋನ್ ಎಂಬ ಆ ಸ್ಟಿರಾಯ್ಡನ್ನು ಹುಸಿಮದ್ದಿನೊಡನೆ ಹೋಲಿಸಿದರು. ಶಿಶುಮರಣ ಹುಸಿಮದ್ದಿನವರಲ್ಲಿ ಶೇಕಡ 23.5, ಔಷಧದವರಲ್ಲಿ 19.6. ಪ್ರಯೋಜನ ಇಷ್ಟು ಸ್ಪಷ್ಟವಾದ ಬಳಿಕ ಮುಂದುವರಿಸುವುದು ಅಧರ್ಮವೆಂದು ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿ, 2020ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಔಷಧ ಅದೇ, ಜಿಲ್ಲೆಯೂ ಅದೇ. ಒಂದು ಸನ್ನಿವೇಶದಲ್ಲಿ ಅಪಾಯದ ಶಂಕೆ, ಇನ್ನೊಂದರಲ್ಲಿ ಪ್ರಾಣರಕ್ಷಣೆ. ಔಷಧದ ಗುಣ ಸೀಸೆಯೊಳಗೆ ಮಾತ್ರ ಇರದೆ, ಅದನ್ನು ಕೊಡುವ ಸ್ಥಳ, ಕಾಲ, ಕೈಗಳನ್ನೂ ಅವಲಂಬಿಸಿರುವುದೆಂಬುದಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನವನ್ನು ಈ ಶಾಸ್ತ್ರದ ಚರಿತ್ರೆಯಲ್ಲಿ ಹುಡುಕುವುದು ಕಷ್ಟ. ಮೊದಲಿನ ಕಹಿ ಫಲಿತಾಂಶವನ್ನು ಮುಚ್ಚಿಟ್ಟಿದ್ದರೆ ಎರಡನೆಯ ಪರೀಕ್ಷೆಯ ಅವಶ್ಯಕತೆಯೇ ಯಾರಿಗೂ ತೋರುತ್ತಿರಲಿಲ್ಲ.

ಹೆರಿಗೆಯಿಂದ ಹಿಂದಕ್ಕೆ

ಈ ಎರಡು ದಶಕಗಳ ಕಾರ್ಯವನ್ನು ಒಟ್ಟಾಗಿ ನೋಡಿದರೆ ಅದರಲ್ಲಿ ಒಂದು ಗತಿ ಕಾಣುವುದು. ಮಗು ಹುಟ್ಟಿದ ಮೊದಲ ಗಂಟೆಯ ಅಪಾಯದಿಂದ ಆರಂಭವಾದ ಅನ್ವೇಷಣೆ ಕಾಲದಲ್ಲಿ ಹಿಂದೆ ಹಿಂದೆ ಸರಿಯುತ್ತ ಹೋಗಿದೆ. ಆ ಮೊದಲ ಗಂಟೆಗೆ ಸಂಬಂಧಿಸಿದಂತೆ, ಶಾಖಕ್ಕೆ ಕೆಡದ ಕಾರ್ಬೆಟೋಸಿನ್ ಎಂಬ ಚುಚ್ಚುಮದ್ದನ್ನು ಆಕ್ಸಿಟೋಸಿನ್ನಿನೊಡನೆ ಹತ್ತು ದೇಶಗಳ 29,645 ತಾಯಂದಿರಲ್ಲಿ ಹೋಲಿಸಿದ ಪರೀಕ್ಷೆಯಲ್ಲಿ ಬೆಳಗಾವಿಯ ಪಾಲೂ ಇತ್ತು. ಅರ್ಧ ಲೀಟರಿನ ಸ್ರಾವ ಅಥವಾ ಗರ್ಭಕೋಶವನ್ನು ಬಿಗಿಸುವ ಔಷಧವನ್ನು ಮತ್ತೆ ಕೊಡಬೇಕಾದುದು ಶೇಕಡ 14.5 ಮತ್ತು 14.4, ಎಂದರೆ ಎರಡೂ ಸಮಾನವೆಂದು 2018ರಲ್ಲಿ ತಿಳಿದುಬಂದಿತು. ಹೆರಿಗೆಯ ನೋವಿನ ವೇಳೆಗೆ ಒಂದೇ ಸಲ ಎರಡು ಗ್ರಾಂ ಅಜಿತ್ರೊಮೈಸಿನ್ ನುಂಗಿಸಿದರೆ ತಾಯಿಯ ನಂಜು ಅಥವಾ ಮರಣ ಶೇಕಡ 2.4ರಿಂದ 1.6ಕ್ಕೆ ಇಳಿಯುವುದೆಂದು, ಶಿಶುವಿಗೆ ಅದರಿಂದ ವಿಶೇಷ ಲಾಭವಿಲ್ಲವೆಂದು, 29,278 ತಾಯಂದಿರ ಇನ್ನೊಂದು ಪರೀಕ್ಷೆ 2023ರಲ್ಲಿ ಸಾರಿತು.

ಅಲ್ಲಿಂದ ಹಿಂದಕ್ಕೆ, ಗರ್ಭದ ಮೊದಲ ತಿಂಗಳುಗಳಿಗೆ. ಚೊಚ್ಚಲ ಬಸುರಿಯರಿಗೆ ಆರನೆಯ ವಾರದಿಂದ ಹದಿಮೂರನೆಯ ವಾರದೊಳಗೆ ಆರಂಭಿಸಿ ಪ್ರತಿದಿನ 81 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟ ಪರೀಕ್ಷೆ 2016ರಿಂದ 2018ರ ತನಕ ಆರು ದೇಶಗಳಲ್ಲಿ 11,976 ತಾಯಂದಿರನ್ನು ಸೇರಿಸಿಕೊಂಡಿತು. ಅವಧಿಗೆ ಮುನ್ನ ಹೆರಿಗೆ ಶೇಕಡ 13.1ರಿಂದ 11.6ಕ್ಕೆ ತಗ್ಗಿತು. ಬಸಿರನ್ನು ಮೂರು ತಿಂಗಳು ಗುಟ್ಟಾಗಿಡುವ ನಾಡಿನಲ್ಲಿ ಆರನೆಯ ವಾರದ ಬಸುರಿಯನ್ನು ಕಂಡುಹಿಡಿದು ಒಪ್ಪಿಸಬೇಕಾದರೆ ಮನೆಮನೆಗೆ ತಿರುಗುವ ಆಶಾ ಕಾರ್ಯಕರ್ತೆ ಎಷ್ಟು ಆಪ್ತಳಾಗಿರಬೇಕೆಂಬುದನ್ನು ಓದುಗರು ಗ್ರಹಿಸಬಹುದು. ಕಡೆಗೆ ಗರ್ಭಧಾರಣೆಗೂ ಹಿಂದಕ್ಕೆ: ಬೆಳಗಾವಿಯೂ ಸೇರಿದ ನಾಲ್ಕು ಕೇಂದ್ರಗಳ ‘ವಿಮೆನ್ ಫಸ್ಟ್’ ಎಂಬ ಅಧ್ಯಯನ, ಗರ್ಭ ನಿಲ್ಲುವುದಕ್ಕೆ ಮೂರು ತಿಂಗಳು ಮುಂಚಿನಿಂದಲೇ ಪೌಷ್ಟಿಕ ಪೂರಕವನ್ನು ಕೊಟ್ಟು ಹುಟ್ಟುವ ಶಿಶುವಿನ ಬೆಳವಣಿಗೆಯನ್ನು ಅಳೆಯಿತು. ಬಾಣಂತಿಯ ಕೋಣೆಯಿಂದ ಹೊರಟ ಪ್ರಶ್ನೆ ಹೀಗೆ ಮದುವೆಯಾದ ಹೆಣ್ಣಿನ ಊಟದ ತಟ್ಟೆಯನ್ನು ಮುಟ್ಟಿದೆ. ಗಂಡಸರೆಲ್ಲ ಉಂಡೆದ್ದ ಬಳಿಕ ಉಳಿದುದನ್ನು ಉಣ್ಣುವ ಸೊಸೆಯ ಪ್ರಶ್ನೆಯನ್ನು ವೈದ್ಯಶಾಸ್ತ್ರವೊಂದೇ ಬಗೆಹರಿಸಲಾರದು.

ಪುಣ್ಯಭಾಗಿಗಳು

2018–20ರ ಅವಧಿಗೆ ಕರ್ನಾಟಕದ ತಾಯಿಮರಣ ಪ್ರಮಾಣ ಲಕ್ಷಕ್ಕೆ 69ಕ್ಕೆ ಇಳಿದಿರುವುದು. 2005–06ರಲ್ಲಿ ನೂರಕ್ಕೆ ಸುಮಾರು 65 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದುದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ವೇಳೆಗೆ 97ನ್ನು ಮುಟ್ಟಿದೆ. ಈ ಇಳಿಕೆಯ ಕೀರ್ತಿಯನ್ನು ಒಂದು ಸಂಸ್ಥೆ ತನ್ನದೆಂದು ಹೇಳಿಕೊಳ್ಳುವುದು ಹಾಸ್ಯಾಸ್ಪದ. ಜನನಿ ಸುರಕ್ಷಾ ಯೋಜನೆ, 108 ಆಂಬುಲೆನ್ಸು, ರಸ್ತೆಗಳು, ಹೆಣ್ಣುಮಕ್ಕಳ ವಿದ್ಯಾಭ್ಯಾಸ, ತಡವಾದ ಮದುವೆ, ಕಡಿಮೆಯಾದ ಬಸಿರುಗಳು—ಇವುಗಳೆಲ್ಲ ಕೂಡಿ ಆಗಿರುವ ಕಾರ್ಯ ಅದು. ಆ ಪ್ರಯತ್ನಗಳಲ್ಲಿ ಯಾವುದು ಫಲಕಾರಿ, ಯಾವುದು ನಿಷ್ಫಲ, ಯಾವುದು ಸ್ಥಳ ತಪ್ಪಿದರೆ ಅಪಾಯಕಾರಿ ಎಂಬುದನ್ನು ನಿರ್ಣಯಿಸುವ ಒರೆಗಲ್ಲನ್ನು ಒದಗಿಸಿದುದು ಬೆಳಗಾವಿಯ ಪಾಲಿನ ಸೇವೆ.

ಆ ಸೇವೆಯಲ್ಲಿ ವೈದ್ಯರ ಹೆಸರುಗಳು ಪ್ರಬಂಧಗಳ ಶಿರೋಭಾಗದಲ್ಲಿ ಮುದ್ರಿತವಾಗಿವೆ. ಮಧ್ಯರಾತ್ರಿ ಎದ್ದು ಹೋಗಿ, ತಾಯಿಯ ಕೆಳಗೆ ಹಾಳೆ ಹಾಸಿ, ಗೀಟನ್ನು ಓದಿ, ಕಂಡುದನ್ನು ಕಂಡಂತೆ ಬರೆದ ಕಿರಿಯ ಆರೋಗ್ಯ ಸಹಾಯಕಿಯರ ಹೆಸರುಗಳು ಅಲ್ಲಿಲ್ಲ. ಲೋಕದ ಔಷಧಪಟ್ಟಿಗಳನ್ನು ತಿದ್ದಿದ ಅಂಕಿಗಳು ಅವರ ಕೈಬರಹದಿಂದ ಹುಟ್ಟಿದುವು. ಒಬ್ಬಳು ಬೇಸರದಿಂದ ಒಂದು ಗೀಟನ್ನು ಊಹಿಸಿ ಬರೆದಿದ್ದರೂ ಮೇಲಿನ ಗಣಿತವೆಲ್ಲ ವ್ಯರ್ಥ. ಅವರಿಗಿಂತಲೂ ಮಿಗಿಲಾಗಿ, ಪರೀಕ್ಷೆಯೆಂದರೇನೆಂದು ಕೇಳಿ ತಿಳಿದುಕೊಂಡು, ತನಗೆ ದೊರೆಯುವುದು ಮದ್ದೋ ಹುಸಿಯೋ ಎಂಬುದು ಗೊತ್ತಾಗದೆಂದು ಅರಿತೂ ಹೆಬ್ಬೆಟ್ಟನ್ನೋ ರುಜುವನ್ನೋ ಹಾಕಿದ ಸಾವಿರಾರು ಬಸುರಿಯರು ಇರುವರು. ಇನ್ನಾರದೋ ಹೆರಿಗೆ ಸುಖವಾಗಲೆಂದು ತಮ್ಮ ಹೆರಿಗೆಯ ಲೆಕ್ಕವನ್ನು ಅವರು ದಾನ ಮಾಡಿದರು.

ಮುಂದಿನ ಕರ್ತವ್ಯ ಇದರಿಂದಲೇ ಸ್ಪಷ್ಟವಾಗುವುದು. ಹೊರದೇಶಗಳ ದ್ರವ್ಯಸಹಾಯ ಶಾಶ್ವತವಲ್ಲ. ಅದು ನಿಂತ ದಿನ ಹಳ್ಳಿಗಳ ನೋಂದಣಿಯೂ ನಿಲ್ಲುವಂತಾದರೆ, ಇಷ್ಟು ವರ್ಷ ಕಷ್ಟಪಟ್ಟು ಬೆಳೆಸಿದ ಅಳತೆಯ ಅಭ್ಯಾಸ ಒಂದು ತಲೆಮಾರಿನೊಳಗೆ ಕಣ್ಣಂದಾಜಿಗೆ ಹಿಂತಿರುಗುವುದು. ಆದುದರಿಂದ ಆ ನೋಂದಣಿಯನ್ನು ಸಂಸ್ಥೆಯೂ ರಾಜ್ಯ ಸರ್ಕಾರವೂ ಸೇರಿ ತಮ್ಮ ಸ್ವಂತ ವೆಚ್ಚದಲ್ಲಿ ನಡೆಸುವ ಏರ್ಪಾಟು ಆಗತಕ್ಕದ್ದು; ಅದರಲ್ಲಿ ದುಡಿಯುವ ಸಹಾಯಕಿಯರ ಮತ್ತು ಆಶಾ ಕಾರ್ಯಕರ್ತೆಯರ ವೇತನ ಗೌರವಕ್ಕೆ ತಕ್ಕದಾಗತಕ್ಕದ್ದು; ಪರೀಕ್ಷೆಗಳ ಫಲವನ್ನು, ಸಫಲವಾಗಲಿ ವಿಫಲವಾಗಲಿ, ಭಾಗವಹಿಸಿದ ಹಳ್ಳಿಗಳ ಹೆಂಗಸರಿಗೆ ಅವರ ಮಾತಿನಲ್ಲಿಯೇ ತಿಳಿಸುವ ಪದ್ಧತಿ ಬೆಳೆಯತಕ್ಕದ್ದು. ಲ್ಯಾನ್ಸೆಟ್ಟಿನ ಓದುಗರಿಗೆ ಸಂದ ವರದಿ ಅಥಣಿಯ, ಖಾನಾಪುರದ, ಗೋಕಾಕದ ತಾಯಂದಿರಿಗೂ ಸಲ್ಲುವವರೆಗೆ ಈ ಸಂಶೋಧನೆಯ ಲೆಕ್ಕ ಪೂರ್ತಿಯಾಗಿ ಚುಕ್ತಾ ಆಯಿತೆನ್ನುವಂತಿಲ್ಲ.